ತಡವಾಗಿ ಬೀಳಬೇಕಿದ್ದ ಪೆಟ್ಟು

೨೨೧೩, ನವೆಂಬರ್ ಮೂವತ್ತೆರಡು

ಲಗಮವ್ವ ಆಯಿಗೆ ನಿನ್ನ ಮೊಮ್ಮಕ್ಕಳ ಮೊಮ್ಮಗಳು ಕೆಂಚವ್ವನ ಶರಣು.

ತಾರೀಖು ನೋಡಿ ನಗಬೇಡ. ಒಂದೂರು ಬಿಟ್ಟು ಇನ್ನೊಂದೂರು ಸೇರದ ದಿನವನ್ನು ನಾವು ತಿಂಗಳಿನೊಳಗೆ ಎಣಿಸುವುದಿಲ್ಲ, ಬಾಲದಂತೆ ಕೊನೆಗೆ ಕಟ್ಟುತ್ತೇವೆ. ನನ್ನ ಮಾತೂ ಅಲ್ಲಲ್ಲಿ ವಿಚಿತ್ರ ಅನಿಸಬಹುದು. ಸಾಲೆ ಕಲಿತವಳಲ್ಲ, ದಾರಿಯ ಬೋರ್ಡು ಓದಿ ಅಕ್ಷರ ಕೂಡಿಸಿಕೊಂಡವಳು, ಹೊಟ್ಟೆಗೆ ಹಾಕಿಕೋ.

ಈ ಕಾಗದ ಹಿಂದಕ್ಕೆ ನಡೆದು ನಿನ್ನ ಕಾಲ ಮುಟ್ಟುವ ಹೊತ್ತಿಗೆ, ದೂರದ ಪಡುವಣ ದೇಶದ ಬಾಸ್ಕ್ ಸೀಮೆಯ ಹುಡುಗಿ ಇದೊಯಾ ಈಗಷ್ಟೇ ನಿಮ್ಮ ಬಿಡಾರದ ಮುಂದೆ ಹಲಗೆ ಹಾಸಿರಬೇಕು. ಅವಳ ಮರದ ಹಲಗೆಯ ವಾದ್ಯ ಚಲಪಾರ್ತಾ ಬಾರಿಸಲು ಇಬ್ಬರು ಬೇಕು. ಒಬ್ಬರು ದಪ್ಪ ಕೋಲುಗಳಿಂದ ಹಲಗೆಯನ್ನು ಸಮನಾಗಿ ಕುಟ್ಟಬೇಕು, ಇನ್ನೊಬ್ಬರು ಆ ಸಮವನ್ನು ಕೆಡಿಸಬೇಕು. ಕೆಡಿಸುವವರಿಗೆ ಅವರ ಮಾತಿನಲ್ಲಿ ‘ಎರ್ರೆನಾ’, ಅಂದರೆ ಕುಂಟ, ಹೆಳವ ಎಂದು ಹೆಸರು. ಎತ್ತಿನ ಮೇಲೆ ಕೂತು ಮನೆಮನೆಯ ವಂಶ ಹೇಳುವ ನೀವು ಹೆಳವರು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿರಂತೆ. “ಅಲ್ಲಿಗೂ ನಮ್ಮ ಮಂದಿ ಮುಟ್ಯಾರ ನೋಡವಾ!” ಎಂದಿದ್ದೆಯಂತೆ.

ಮುಂದೆ ನೀವಿಬ್ಬರೂ ಕೂಡಿ ಒಂದು ಪದ್ಧತಿ ಕಟ್ಟುತ್ತೀರಿ. ಹಲಗೆಯ ಮೇಲೆ ವಂಶ ಹೇಳುವಾಗ ಬದುಕಿರುವವರ ಹೆಸರಿಗೆ ಸಮ ಕೆಡಿಸುವ ಹೆಳವನ ಪೆಟ್ಟು ಹೊತ್ತಿಗೆ ಸರಿಯಾಗಿ, ಸತ್ತವರ ಹೆಸರಿಗೆ ತಡವಾಗಿ. ಅವರು ದೂರದಿಂದ ಬರಬೇಕಲ್ಲ, ಅದಕ್ಕೆ. ಸಾವನ್ನು ನಾವು ಬಾಯಲ್ಲಿ ಹೇಳುವುದಿಲ್ಲ, ಕೋಲೇ ಹೇಳುತ್ತದೆ.

ನಮ್ಮ ಎತ್ತು ಈಗ ಹುಲ್ಲು ತಿನ್ನುವುದಿಲ್ಲ, ಬಿಸಿಲು ಕುಡಿದು ನಡೆಯುವ ಬಂಡಿ ಅದು. ಆದರೂ ಬಸವ ಎಂದೇ ಕರೆದು ಬೆಳಿಗ್ಗೆ ಹಣೆ ತಿಕ್ಕುತ್ತೇವೆ. ಅದರ ಮೇಲೆ ಕೆಲವು ವರ್ಷಕ್ಕೊಮ್ಮೆ ಬಾಸ್ಕ್ ಸೀಮೆಗೆ ಹೋಗುತ್ತೇವೆ, ಅವರು ಸೇಬಿನ ರಸ ಹಿಂಡುವ ಕಾಲಕ್ಕೆ. ಗುಡ್ಡದ ತುಂಬ ಮಂದಿ. ಯಾರೂ ಬರಿಗಿವಿಯಿಂದ ಕೇಳುವುದಿಲ್ಲ. ಕಿವಿಯೊಳಗೆ ಸದ್ದನ್ನು ಹದಮಾಡಿ ಕೇಳಿಸುವ ಜೋಳದಷ್ಟು ಯಂತ್ರ, ‘ಕಿವಿಗಾಳು’, ಇಟ್ಟುಕೊಳ್ಳುತ್ತಾರೆ. ನನ್ನ ತಮ್ಮ ಭರಮಣ್ಣ ಸಮ ಕುಟ್ಟುವವನು, ನಾನು ಹೆಳವಿ. ಈ ಸಲ ನಮ್ಮವ್ವನ ಹೆಸರನ್ನು ಮೊದಲ ಬಾರಿಗೆ ತಡವಾಗಿ ಬಡಿಯಬೇಕಿತ್ತು. ಅವಳು ಹೋಗಿ ವರ್ಷ ತುಂಬಿಲ್ಲ. ಕೋಲು ಎತ್ತಿ ಹಿಡಿದು, ಅವಳು ಬರಲೆಂದು ಕಾದು, ಬಡಿದೆ.

ಮುಗಿದ ಮೇಲೆ ಅವ್ವನ ಗೆಳತಿ, ಮುದುಕಿ ಮಿರೆನ್, ನಗುನಗುತ್ತಾ ಬಂದು ಸೇಬಿನ ಗಂಟೊಂದನ್ನು ನನ್ನ ಉಡಿಗೆ ಹಾಕಿದಳು. ಅವ್ವನಿಂದ ಕಲಿತ ಕನ್ನಡದಲ್ಲೇ, “ನಿಮ್ಮವ್ವಗ ಕೊಡು. ಮುಂದಿನ ಸಲ ಕರಕೊಂಡು ಬಾ,” ಎಂದಳು.

ತಡವಾದ ಪೆಟ್ಟು ಇವಳಿಗೆ ಕೇಳಲಿಲ್ಲವೇ ಎಂದು ಭರಮಣ್ಣನ ಕಡೆ ತಿರುಗಿದೆ. ಅವನು ಹಲಗೆ ಒರೆಸುತ್ತಿದ್ದ.

“ನಿನ್ನ ಕೈ ನಡಗತಾವ ಅಕ್ಕಾ. ಮಂದಿ ನಗಬಾರದಂತ ಎಲ್ಲಾರ ಕಿವಿಗಾಳಿಗೂ ತಿದ್ದಾಕ ಹೇಳಿದ್ದೆ. ತಡಾ ಆದದ್ದನ್ನ ಅದು ಸಮಕ್ಕ ಎಳೀತೈತಿ.”

“ಅವ್ವನ ಪೆಟ್ಟೂ?”

“ಯಾವದು ತಪ್ಪು, ಯಾವದು ಬೇಕಂತ ಮಾಡಿದ್ದು, ಅದಕ್ಕೇನ್ ತಿಳೀತೈತಿ?”

ನನ್ನ ಕೈ ನಡುಗುವುದು ನಿಜ. ಯಂತ್ರಕ್ಕೆ ತಿಳಿಯದೆಂಬುದೂ ನಿಜ. ಆದರೆ ಆಯಿ, ಅವನಿಗೆ ತಿಳಿದಿತ್ತು. ನಾನು ಅವ್ವನಿಗಾಗಿ ಕೋಲೆತ್ತಿ ಕಾಯುತ್ತಿದ್ದಾಗ ಅವನು ಪಕ್ಕದಲ್ಲೇ ಇದ್ದ. ಆ ಪೆಟ್ಟು ಯಾರಿಗೂ ಮುಟ್ಟುವುದಿಲ್ಲವೆಂದು ಗೊತ್ತಿದ್ದೂ ನನ್ನನ್ನು ಕಾಯಲು ಬಿಟ್ಟ.

ಮಿರೆನ್ ಮುಂದೆ ನನ್ನ ಬಾಯಿ ಏಳಲಿಲ್ಲ, ಗಂಟು ಹೊತ್ತು ಬಂದೆ. “ಮುಂದಿನ ಸಲ ಹೇಳಿದರಾತು ಬಿಡು,” ಎನ್ನುತ್ತಾನೆ ಭರಮಣ್ಣ. ಅದಕ್ಕೇ ನಿನಗೆ ಬರೆದೆ. ಪದ್ಧತಿ ಕಟ್ಟುವಾಗ ಒಂದು ಮಾತು ಸೇರಿಸು: ಸಾವನ್ನು ಕೋಲಿಗಷ್ಟೇ ಬಿಡಬೇಡಿ, ಬಾಯಿಗೂ ಕಲಿಸಿ.

ನಾಳೆ ಬಸವನನ್ನು ಒಬ್ಬಳೇ ಹಿಂದಕ್ಕೆ ಹೊಡೆಯುತ್ತೇನೆ. ಮಿರೆನ್ ಮನೆಯಲ್ಲಿ ಅವ್ವ ಇನ್ನೂ ಬದುಕಿದ್ದಾಳೆ. ಹೋಗಿ, ಅವ್ವನನ್ನು ನನ್ನ ಬಾಯಿಂದಲೇ ಸಾಯಿಸಬೇಕು. ಹರಸು.