ಬಾಗಿಲು ಹಿಡಿಯುವವರು ಯಾರು

ಜೂನ್ 8, ಭಾನುವಾರ, ಸಂಜೆ

ಇವತ್ತೂ ಅಂಗಡಿಯ ಶಟರ್ ಇಳಿಸುವಾಗ ಎದೆ ಢವಢವ. ಸರಪಳಿಯ ಕೊಂಡಿ ಸವೆದಿದೆ. ಒಬ್ಬರು ಒಳಗೆ ನಿಂತು ಸರಪಳಿ ಹಿಡಿದಿರಬೇಕು, ಕೈಬಿಟ್ಟರೆ ದಡದಡ ಇಳಿಯುತ್ತದೆ. ಹಿಡಿಯುವುದು ಭಾವ. ನಾವೆಲ್ಲ ಆಚೆ ಬಂದ ಮೇಲೆ ಕೈಬಿಟ್ಟು, ಬಗ್ಗಿ ಓಡಿ ಬರುತ್ತಾರೆ. ಅಕ್ಕ ಆಚೆ ನಿಂತು ತೋಳು ಹಿಡಿದು ಎಳೆಯುತ್ತಾಳೆ. ಇವತ್ತು ಒಂದು ಚಪ್ಪಲಿ ಒಳಗೇ ಉಳಿಯಿತು. ಗಂಡ ಹೆಂಡತಿ ಇಬ್ಬರೂ ನಗುತ್ತಾರೆ! ನಾನಂತೂ ಎಲ್ಲರಿಗಿಂತ ಮೊದಲೇ ಆಚೆ. ಒಂದು ದಿನ ತಲೆ ಮೇಲೆ ಬಿದ್ದರೆ... ರಿಪೇರಿ ಮಾಡಿಸಿ ಅಂದರೆ "ನಾಳೆ" ಅನ್ನುತ್ತಾರೆ.

ಅದಿರಲಿ. ಆಟದ್ದು ಬರೆಯಬೇಕು. ತಲೆ ಕೆಟ್ಟಿದೆ.

ಟೈಲರ್ ಅಂಗಡಿಗೆ ಭಾನುವಾರ ರಜ. ಕಟಿಂಗ್ ಟೇಬಲ್ ಖಾಲಿ ಮಾಡಿ ಆಟ. ಕಥೆ ನಡೆಸುವವಳು ನಾನು — ಆಕಾಶ, ಗ್ರಹ, ಶತ್ರು ಎಲ್ಲ ನನ್ನ ಬಾಯಲ್ಲಿ. ಭಾವ, ಎದುರಿನ ಕ್ಲಿನಿಕ್ಕಿನ ನರ್ಸಮ್ಮ, ಟ್ಯೂಷನ್ ಮೇಷ್ಟ್ರು ಆಕಾಶದಲ್ಲಿ ಹಾರುವ ಹಡಗಿನವರು. ತಾವು ಏನು ಮಾಡುತ್ತೇವೆ ಅಂತ ಹೇಳುತ್ತಾರೆ, ಆಗುತ್ತೋ ಇಲ್ಲವೋ ಅಂತ ಅನುಮಾನ ಬಂದ ಕಡೆ ದಾಳ ಎಸೆಯುತ್ತಾರೆ. ಏಳನೇ ಕ್ಲಾಸಿನ ಮಧ್ಯೆ ಸ್ಕೂಲು ಬಿಟ್ಟವಳು ನಾನು. ನಾನು ಬಾಯಿ ತೆರೆದರೆ ಮೂರು ಜನ ಸುಮ್ಮನೆ ಕೂತು ಕೇಳುವುದು ವಾರಕ್ಕೆ ಅದೊಂದೇ ಹೊತ್ತು.

ಹೋದ ತಿಂಗಳು ಖುಷಿಯಲ್ಲಿ ಒಂದು ಯಂತ್ರ ಕೊಟ್ಟುಬಿಟ್ಟೆ. ಬಾಗಿಲು. ಹಡಗಿನಲ್ಲಿ ಅದನ್ನು ತೆರೆದರೆ ಆಚೆ ಕಡೆ ಬೇಕಾದ ಜಾಗ, ಎಷ್ಟು ದೂರವಾದರೂ ಸರಿ. "ತೆರೆದೇ ಇರೋದು ಹೇಗೆ?" ಅಂತ ಭಾವ ಕೇಳಿದರು. ಥಟ್ಟನೆ, "ಹಡಗಿನ ಕಡೆ ಒಬ್ರು ಹಿಡ್ಕೊಂಡಿರ್ಬೇಕು. ಜೀವ ಇರೋ ಕೈ. ಬಿಟ್ರೆ ಇಳಿಯುತ್ತೆ" ಅಂದೆ.

ಅಲ್ಲಿಂದ ನನ್ನ ಗ್ರಹಚಾರ ಶುರು. ವಾರಗಟ್ಟಲೆ ಕೂತು ಶತ್ರುವಿನ ಕೋಟೆ ಕಟ್ಟಿದ್ದೆ. ಸುತ್ತಿಗೊಂದು ಕಾವಲು. ಇವತ್ತು ಮೇಷ್ಟ್ರು, "ಸೇನಾಪತಿಯ ಬಚ್ಚಲಿಗೆ ಬಾಗಿಲು ತೆಗೀರಿ" ಅಂದರು. ಸೋಪು ಹಚ್ಚಿಕೊಂಡು ನಿಂತಿದ್ದವನನ್ನು ಟವೆಲ್ ಸಮೇತ ಹೊತ್ತು ತಂದರು. ಯುದ್ಧ ಮುಗಿಯಿತು. ಟೀ ಇನ್ನೂ ಆರಿರಲಿಲ್ಲ.

ನರ್ಸಮ್ಮ ಬಿದ್ದು ಬಿದ್ದು ನಕ್ಕರು. ಆಮೇಲೆ ಆಕಳಿಸಿದರು. ಆ ಆಕಳಿಕೆ ಕಣ್ಣಿಂದ ಹೋಗುತ್ತಿಲ್ಲ. ಭಾವನದು ಬೇರೆ ರಾಗ — "ನಾನೇನು ಬಾಗಿಲು ಹಿಡಿಯೋಕೇ ಹುಟ್ಟಿರೋದೇನಮ್ಮ? ಅಂಗಡೀಲೂ ಅದೇ, ಆಕಾಶದಲ್ಲೂ ಅದೇ."

ಜೂನ್ 15, ಭಾನುವಾರ

ಎರಡು ಉಪಾಯ. ಎರಡೂ ನೆಲಕಚ್ಚಿದವು.

ಮೊದಲನೆಯದು: "ಬಾಗಿಲು ಸುಟ್ಟುಹೋಯಿತು." ಮೇಷ್ಟ್ರು ದಾಳ ಕೆಳಗಿಟ್ಟರು. "ಕೊಟ್ಟು ಕಿತ್ಕೊಳ್ಳೋದು ಯಾವ ನ್ಯಾಯ ಕಣಮ್ಮ? ಯಾಕೆ ಸುಡ್ತು ಹೇಳು." ಸರಿ, ಸುಟ್ಟಿಲ್ಲ ಅಂದೆ.

ಎರಡನೆಯದು: ಬಾಗಿಲು ತೂರಲಾಗದ ಗೋಡೆ. ಶತ್ರುಗಳ ಹತ್ತಿರವೆಲ್ಲ ಅದು ಇದೆ ಅಂದೆ. ನರ್ಸಮ್ಮ ಹುಬ್ಬೇರಿಸಿದರು. "ಎಲ್ರ ಹತ್ರಾನೂನಾ? ತರಕಾರಿ ಮಾರೋನ ಮನೇಲೂನಾ?"

ಹೊರಡುವಾಗ ಮೇಷ್ಟ್ರು ಮೆತ್ತಗೆ ಹೇಳಿದರು — ಬೈದಿದ್ದರೇ ವಾಸಿಯಿತ್ತು — "ಬೇಜಾರು ಮಾಡ್ಕೋಬೇಡ. ಮುಂದಿನ ವಾರ ನೋಡೋಣ. ಆಗ್ಲಿಲ್ಲ ಅಂದ್ರೆ ಕಥೆ ನಾನು ನಡೆಸ್ತೀನಿ, ಆ ಕುರ್ಚೀಲಿ ನಾನು ಕೂರ್ತೀನಿ. ನೀನು ಆರಾಮಾಗಿ ಆಡು."

ಆರಾಮಾಗಿ! ಆ ಕುರ್ಚಿ ಹೋದರೆ ನನ್ನ ಮಾತು ಯಾರಿಗೆ ಬೇಕು?

ಜೂನ್ 18, ಬುಧವಾರ, ಮಧ್ಯಾಹ್ನ

ಅಂಗಡಿಯಲ್ಲಿ ಗಲಾಟೆ. ಶರ್ಟಿನ ಗುಂಡಿತೂತಿಗೆ ಕಾಜಾ ಹಾಕುವ ಮಷೀನ್ ಬಂದಾಗಿನಿಂದ ಇದೇ ಗೋಳು. ಕೈಯಲ್ಲಿ ಹಾಕುತ್ತಿದ್ದಾಗ ಗಿರಾಕಿಗಳು ವಾರ ಕಾಯುತ್ತಿದ್ದರು. ಈಗ "ಮಷೀನ್ ಇದೆಯಲ್ಲ, ಸಂಜೆಗೇ ಕೊಡಿ." ಹಿಂದಿನ ಬೀದಿಯ ಟೈಲರುಗಳೂ ಕಂತೆ ಕಂತೆ ಶರ್ಟು ತಂದು ಸುರಿಯುತ್ತಾರೆ.

"ಮಷೀನ್ ಬಂದ್ರೆ ಕೆಲಸ ಕಮ್ಮಿ ಆಗುತ್ತೆ ಅಂದೋರು ಯಾರು? ಕರ್ಕೊಂಡ್ ಬಾ, ನಾಲ್ಕು ಬಿಡ್ತೀನಿ" ಅಂತ ಅಕ್ಕ.

ನನ್ನ ಕೈ ಅಲ್ಲೇ ನಿಂತಿತು.

ಬಾಗಿಲು ಕಸಿಯುವುದು ಯಾಕೆ? ಅಂಥದ್ದೊಂದು ಇದೆ ಅಂತ ಆಕಾಶಕ್ಕೆಲ್ಲ ಗೊತ್ತಾಗಲಿ. ಕೇಳಿಕೊಂಡು ಬರಲಿ ಜನ...

ಜೂನ್ 21, ಶನಿವಾರ

ಊಟ ಸೇರುತ್ತಿಲ್ಲ. ಹಡಗು ಒಡೆಯುವ ತನಕ ಕಥೆ ಕಟ್ಟಿದ್ದೇನೆ. ಮುಂದೆ ಅವರು ಹೇಗೆ ಪಾರಾಗುತ್ತಾರೆ? ನನಗೇ ಗೊತ್ತಿಲ್ಲ. ಬಾಗಿಲು ಹಿಡಿದ ಭಾವ ಸತ್ತುಹೋದರೆ? ಆಟದಲ್ಲೇ ಅನ್ನಿ. ಆದರೂ ಅಕ್ಕನ ಮುಖ ನೋಡುವುದು ಹೇಗೆ?

ಜೂನ್ 22, ಭಾನುವಾರ

ನಿದ್ದೆ ಹತ್ತುತ್ತಿಲ್ಲ. ಭಯಕ್ಕಲ್ಲ!

ಮೊದಲಿಂದ ಬರೆಯುತ್ತೇನೆ. ಹಡಗಿನ ರೇಡಿಯೋ ಗರಗರ ಅಂತು ಅಂದೆ. ಯಾವುದೋ ಗಣಿಯಿಂದ ಒಬ್ಬ ಹೆಂಗಸು: "ನಿಮ್ಮತ್ರ ಬಾಗಿಲಿದೆಯಂತಲ್ಲ. ಇಲ್ಲಿ ಗಾಳಿ ಮುಗೀತಾ ಇದೆ. ಮಕ್ಕಳನ್ನಾದ್ರೂ ಕರ್ಕೊಳ್ಳಿ."

"ಶತ್ರು ಯಾರು?" ಅಂದರು ಮೇಷ್ಟ್ರು.

"ಯಾರೂ ಇಲ್ಲ."

ಬಾಗಿಲು ತೆರೆದರು. ಗಣಿಯವರೆಲ್ಲ ಹಡಗಿಗೆ ಬಂದರು. ಅಷ್ಟರಲ್ಲಿ ಇನ್ನೊಂದು ಊರಿನ ಕರೆ. ಮತ್ತೊಂದು. ಯಾರನ್ನು ಮೊದಲು ಕರೆಯುವುದು ಅಂತ ನರ್ಸಮ್ಮನಿಗೂ ಮೇಷ್ಟ್ರಿಗೂ ಜಗಳವೇ ಹತ್ತಿತು. "ಕ್ಲಿನಿಕ್ಕಲ್ಲಿ ದಿನಾ ಇದನ್ನೇ ಮಾಡೋದು ನಾನು, ನೀವು ಸುಮ್ನಿರ್ರೀ!" ಟೀ ಆರಿ ತಣ್ಣಗಾಯಿತು. ಯಾರೂ ಮುಟ್ಟಲಿಲ್ಲ. ಅದನ್ನು ನೋಡಿಯೇ ನನಗೆ ಅರ್ಧ ಜೀವ ಬಂತು.

ಹಡಗು ತುಂಬಿತು. ಭಾರಕ್ಕೆ ನಡುವೆ ಬಿರುಕು ಬಿಟ್ಟಿತು. ಎಲ್ಲರೂ ಆಚೆ ಹೋಗಬೇಕು, ಇರುವುದು ಬಾಗಿಲೊಂದೇ. ಒಂದು ಹಸಿರು ಗ್ರಹಕ್ಕೆ ತೆರೆದರು. ಭಾವ ಹಿಡಿದರು. ಜನ ಸಾಲುಸಾಲಾಗಿ ದಾಟಿದರು. ನರ್ಸಮ್ಮ ದಾಟಿದರು. ಮೇಷ್ಟ್ರು ಹೊಸ್ತಿಲ ಮೇಲೆ ನಿಂತುಬಿಟ್ಟರು.

"ತಾಳು ತಾಳು... ನಿಮ್ಮ ಭಾವ ಹೇಗ್ ಬರ್ತಾರೆ?"

ಮೇಷ್ಟ್ರು ಸುತ್ತ ಕಣ್ಣಾಡಿಸಿದರು.

"ಒಂದು ಕಂಬಿ ಕೊಟ್ಟು ನಿಲ್ಸೋಣ" ಅಂದರು. ನಾನು ಬಾಯಿ ತೆರೆಯುವ ಮೊದಲೇ ನರ್ಸಮ್ಮ, "ಜೀವ ಇರೋ ಕೈಯೇ ಬೇಕು. ಮೊದಲ ದಿನಾನೇ ಹೇಳಿದಾಳೆ." ಈ ಸಲ ಯಾರೂ ನ್ಯಾಯ ಕೇಳಲಿಲ್ಲ.

"ಹೋಗಿ ನೀವೆಲ್ಲ" ಅಂದರು ಭಾವ. "ಹಿಡ್ಕೊಂಡಿರ್ತೀನಿ. ನನಗೇನು ಹೊಸದಾ?" ನಗುತ್ತಲೇ ಅಂದರು. ಆದರೆ ಬೆರಳು ಟೇಬಲ್ಲಿನ ಅಂಚನ್ನು ನಿಜವಾಗಿಯೂ ಬಿಗಿ ಹಿಡಿದಿದ್ದವು. ಮುಂದೇನು ಹೇಳಲಿ ನಾನು?

ಆಗ ಗೊತ್ತಾಯಿತು, ಮೂಲೆಯಲ್ಲಿ ಕಾಜಾ ಮಷೀನಿನ ಸದ್ದು ನಿಂತಿದೆ ಅಂತ. ರಜದಲ್ಲೂ ಬಾಕಿ ಶರ್ಟು ಹಿಡಿದು ಕೂತಿದ್ದ ಅಕ್ಕ! ನಮ್ಮದು ಹುಚ್ಚಾಟ ಅಂತ ತಿರುಗಿಯೂ ನೋಡದವಳು. ಎದ್ದು ಬಂದು ಟೇಬಲ್ಲಿನ ತುದಿಗೆ ನಿಂತಳು.

"ಏನ್ರೀ, ದಿನಾ ಅಂಗಡಿಯಿಂದ ಹೇಗ್ರೀ ಆಚೆ ಬರ್ತೀರಾ ನೀವು?"

ಉತ್ತರವನ್ನೂ ತಾನೇ ಹೇಳಿದಳು.

"ಕೈಬಿಟ್ಟು, ಬಗ್ಗಿ, ಓಡಿ! ಇದೂ ಶಟರ್ ಥರಾನೇ ಇಳಿಯೋದು ತಾನೇ?" ಅಂತ ನನ್ನ ಕಡೆ ತಿರುಗಿದಳು. ನನಗೂ ಆಗಲೇ ಹೊಳೆದದ್ದು. ಅವತ್ತು ಬಾಗಿಲು ಅಂದಾಗ ನನ್ನ ಕಣ್ಣ ಮುಂದೆ ಇದ್ದದ್ದು ಇದೇ ಹಾಳು ಶಟರ್. ತಲೆಯಾಡಿಸಿದೆ.

"ಸರಿ. ಆಚೆ ಎಳೆಯೋಕೆ ಯಾರಿದಾರೆ? ಮೇಷ್ಟ್ರಾ? ಅವರ ಕೈಲಿ ಆಗೋ ಮಾತಲ್ಲ. ಕೊಡಿಲ್ಲಿ ದಾಳ."

"ಅಕ್ಕಾ, ನೀನು ಆಟದಲ್ಲೇ ಇಲ್ವಲ್ಲೇ!"

"ಗಣಿಯಿಂದ ಬಂದೋಳು ಅಂತ ಬರ್ಕೊಳೇ."

ಇಪ್ಪತ್ತು ಮುಖದ ದಾಳ. ಹದಿನೈದಾದರೂ ಬೀಳಬೇಕು ಅಂದೆ. ಸುಲಭ ಮಾಡಿದ್ದರೆ ಅವಳೇ ನನ್ನ ಮುಖಕ್ಕೆ ಎಸೆಯುತ್ತಿದ್ದಳು. ಮುಷ್ಟಿಯಲ್ಲಿ ಕುಲುಕಿದಳು. ಎಸೆದಳು. ಕತ್ತರಿಗೆ ತಾಗಿ, ಬುಗುರಿ ಹಾಗೆ ತಿರುಗಿ ತಿರುಗಿ...

ಹದಿನಾರು!

ನರ್ಸಮ್ಮ ಕಿರುಚಿದ್ದಕ್ಕೆ ಪಕ್ಕದ ಅಂಗಡಿಯವರು ಇಣುಕಿದರು. ಮೇಷ್ಟ್ರು ಸ್ಟೂಲು ಹತ್ತಿ ಕುಣಿದರು, ಆ ವಯಸ್ಸಲ್ಲಿ. ಭಾವ ಕಣ್ಣೊರೆಸಿಕೊಂಡು ಕೇಳಿದರು, "ಚಪ್ಪಲಿ ಬಂತಾ?"

"ಒಂದು ಉಳೀತು ಭಾವ."

ಎಷ್ಟೋ ಹೊತ್ತಿನ ಮೇಲೆ ಮೇಷ್ಟ್ರಿಗೆ ನೆನಪಾಯಿತು. "ಅಲ್ಲಾ... ಬಾಗಿಲು?"

ಹಡಗಿನಲ್ಲೇ. ಹಡಗು ಚೂರುಚೂರು. ನಾನು ಕಿತ್ತುಕೊಳ್ಳಲಿಲ್ಲ. ಅವರೇ ಬಿಟ್ಟು ಬಂದರು, ಭಾವ ಬೇಕು ಅಂತ. ಒಬ್ಬರೂ ಅಯ್ಯೋ ಅನ್ನಲಿಲ್ಲ.

ಮೇಷ್ಟ್ರು ನನ್ನ ಕುರ್ಚಿಯ ಧೂಳು ಕೊಡವಿ ಜಾಗಕ್ಕೆ ತಳ್ಳಿದರು. "ಮುಂದಿನ ವಾರ ಬೇಗ ಶುರು ಮಾಡಮ್ಮ. ನಾವು ಬಂದಿಳಿದ ಕಡೆ ಏನಿದೆ ಅಂತ ತಿಳ್ಕೊಳ್ದೆ ನನಗೆ ಸಮಾಧಾನ ಇಲ್ಲ."

ಜೂನ್ 25, ಬುಧವಾರ, ಅಂಗಡಿ ಮುಚ್ಚುವ ಹೊತ್ತು

ಇವತ್ತು ಎರಡು ತಟ್ಟೆ ಊಟ ಮಾಡಿದೆ. ನರ್ಸಮ್ಮ ಕ್ಲಿನಿಕ್ಕಿನ ಬಾಗಿಲಿಂದಲೇ ಕೂಗಿ ಕೇಳುತ್ತಾರೆ, ಹಸಿರು ಗ್ರಹದ ಗುಡ್ಡದ ಮೇಲೆ ಕಂಡ ಬೆಳಕು ಏನು ಅಂತ. ಅವತ್ತು ಖುಷಿಯಲ್ಲಿ ನಾನೇ ಅಂದುಬಿಟ್ಟಿದ್ದೆ. ಏನು ಬೆಳಕೋ, ಯಾರಿಗೆ ಗೊತ್ತು! ಭಯ ಇದೆ. ಆದರೆ ಈ ಭಯಕ್ಕೆ ಒಂದು ರುಚಿ ಇದೆ.

ಭಾವನಿಗೆ ಸೊಂಟ ಹಿಡಿದಿದೆ. ಇವತ್ತು ಸರಪಳಿ ನಾನು ಹಿಡಿಯುತ್ತೇನೆ ಅಂದೆ. ಅಕ್ಕ ಮೇಲಿಂದ ಕೆಳಗೆ ನೋಡಿ, "ಚಪ್ಪಲಿ ಗಟ್ಟಿ ಇರೋದು ಹಾಕ್ಕೋ" ಅಂದಳು. ಅಷ್ಟೇ. ಒಂದು ಕೈಯಲ್ಲಿ ಸರಪಳಿ, ಇನ್ನೊಂದರಲ್ಲಿ ಪೆನ್ನು. ಎಲ್ಲರೂ ಆಚೆ ಹೋಗುತ್ತಿದ್ದಾರೆ. ಬಗ್ಗಿ ಓಡಬೇಕು, ಅಷ್ಟೇ ತಾನೇ. ಅವಳು ಆಗಲೇ ಕೈ ಚಾಚಿ ನಿಂತಿದ್ದಾಳೆ. ಬಂದೆ ಅಕ್ಕಾ, ಬಂದೆ, ಇದೊಂದು ಸಾಲು —