ಬೆಕ್ಕಿಗೆ ಅವಮಾನವಂತೆ

ಶನಿವಾರ, ಹದಿನಾಲ್ಕು

ಮುಂಗೈ ಇನ್ನೂ ಉರಿಯುತ್ತಿದೆ. ಅದಕ್ಕಿಂತ ಹೆಚ್ಚು ಉರಿಯುತ್ತಿರುವವಳು ಅಕ್ಕ.

ಬೆಳಿಗ್ಗೆ ನಾನು ಅವಳ ಮನೆಗೆ ಹೋದಾಗ, ನಾಲ್ಕು ದಿನ ನಾಪತ್ತೆಯಾಗಿದ್ದ ಬೆಕ್ಕು ಮರಳಿತ್ತು. ಎತ್ತಿಕೊಳ್ಳಲು ಹೋದ ನನ್ನನ್ನು ರಕ್ತ ಬರುವಂತೆ ಪರಚಿತು. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆದೆ.

“ಸಾಕು ಕಣೋ, ಕೈರೇಖೆನೂ ಅಳಿಸಿಹೋಗುತ್ತೆ,” ಎಂದಳು ಅಕ್ಕ.

ಆಸ್ಪತ್ರೆಗೆ ಹೊರಟೆ ಎಂದಾಗ ಮುಖ ಗಂಟುಹಾಕಿದಳು. “ನಮ್ಮನೇಲೇ ಹುಟ್ಟಿ ಬೆಳೆದಿದ್ದು. ಅದರ ಮೇಲೂ ಅನುಮಾನಾನಾ?” ನಾನು ಲಸಿಕೆ ಹಾಕಿಸಿಕೊಂಡರೆ ಬೆಕ್ಕಿಗೆ ಅವಮಾನವಂತೆ.

“ಚುಚ್ಚೋದು ನನಗೆ. ಅದಕ್ಯಾಕೆ ನೋವು?” ಎಂದೆ.

ಆಗ ಅವಳ ಐದು ವರ್ಷದ ಮಗಳು ಹತ್ತಿರ ಬಂದು ಅಂಗಿಯ ತೋಳು ಸರಿಸಿ ತೋರಿಸಿದಳು. “ಮಾಮ, ನಂಗೂ ಬೆಳಿಗ್ಗೆ ಪರಚ್ತು. ಅಮ್ಮ ಪೌಡರ್ ಹಚ್ಚಿದ್ಲು.”

ನನ್ನ ತಮಾಷೆ ಅಲ್ಲಿಗೆ ಮುಗಿಯಿತು. ಅವಳನ್ನೂ ನಲ್ಲಿಯ ಕೆಳಗೆ ನಿಲ್ಲಿಸಿದೆ. ಅಕ್ಕ ಬೈಯುತ್ತಲೇ ಇದ್ದಳು, ನಾನು ತೊಳೆಯುತ್ತಲೇ ಇದ್ದೆ. ಕೊನೆಗೆ ದುಮುಗುಡುತ್ತಾ ಆಸ್ಪತ್ರೆಗೂ ಬಂದಳು.

ನರ್ಸ್ ಪಟ್ಟಿ ಕಟ್ಟಲಿಲ್ಲ. ಇಬ್ಬರಿಗೂ ತೋಳಿಗೊಂದು ಲಸಿಕೆ ಕೊಟ್ಟು, ಗಾಯದ ಸುತ್ತ ಇನ್ನೊಂದು ಔಷಧ ಚುಚ್ಚಿದರು. “ರೇಬಿಸ್ ಶುರುವಾದ್ಮೇಲೆ ನಮ್ಮ ಕೈಲೇನೂ ಇಲ್ಲಮ್ಮ. ಮಂಗಳವಾರ ಎರಡನೇದು. ತಪ್ಪಿಸ್ಬೇಡಿ,” ಎಂದು ಅಕ್ಕನಿಗೇ ಹೇಳಿದರು.

ಮನೆ ಮುಟ್ಟುತ್ತಲೇ ಅಕ್ಕನ ತೀರ್ಪು: “ಮಗು ಎಷ್ಟು ಅತ್ತಿತು ನೋಡಿದ್ಯಲ್ಲ? ಒಂದೇ ಸಾಕು. ಮಂಗಳವಾರ ನೀನು ಬಂದ್ರೆ ಬಾಗಿಲೇ ತೆಗೆಯಲ್ಲ.”

ತೆಗೆಯದಿರಲಿ. ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಹಾಡುತ್ತೇನೆ. ನನ್ನ ಹಾಡನ್ನು ಹತ್ತು ನಿಮಿಷ ಸಹಿಸಿದವರು ಈ ವಂಶದಲ್ಲಿಲ್ಲ. ಆಮೇಲೆ ಮಾತು ಬಿಡುತ್ತಾಳಂತೆ, ಬಿಡಲಿ. ಮಗು ಬೆಳೆದು ನನ್ನನ್ನು ಬೈಯುವಷ್ಟು ದೊಡ್ಡವಳಾದರೆ ಸಾಕು. ತೋಳು ಭಾರವಾಗುತ್ತಿದೆ, ಇನ್ನು ಬರೆಯಲಾರೆ.