ಉಜ್ಜಿದಷ್ಟೂ ಬರುವ ಬಿಳಿ ಕೈ

ಪ್ರೀತಿಯ ಅಕ್ಕನಿಗೆ,

ನೀನು ಹೋಗಿ ನಾಲ್ಕು ತಿಂಗಳಾಯಿತು. ಒಂದು ಲೋಟ ನೆಟ್ಟಗೆ ತೊಳೆಯದ ನಾನು ನಿನ್ನ ಮಗಳನ್ನೂ ನಿನ್ನ ಸಿಂಕನ್ನೂ ನೋಡಿಕೊಳ್ಳುತ್ತಿದ್ದೇನೆ. ನಗಬೇಡ.

ಇಲ್ಲಿಯ ಬೋರ್‌ವೆಲ್ ನೀರು ಎಷ್ಟು ಗಡಸೆಂದು ನಿನಗೆ ಗೊತ್ತೇ ಇದೆ. ಒಮ್ಮೆ ನಾನು ಅಂಗಡಿಯಿಂದ ಆ್ಯಸಿಡ್ ತಂದಾಗ ನೀನು ಬೈದದ್ದು ಕಿವಿಯಲ್ಲೇ ಇದೆ: "ಸೋಂಬೇರಿ, ಅದನ್ನ ಸುರಿದ್ರೆ ಕಲೆ ಜೊತೆ ಸಿಂಕೂ ಹೋಗುತ್ತೆ! ವಿನೆಗರ್‌ನಲ್ಲಿ ಬಟ್ಟೆ ನೆನೆಸಿ ನಲ್ಲಿಗೆ ಸುತ್ತು, ಒಂದು ಗಂಟೆ ಸುಮ್ನಿರು. ಆಮೇಲೆ ನಿಂಬೆ ಹೋಳಲ್ಲಿ ತಿಕ್ಕಿ ಒಣಬಟ್ಟೆಯಲ್ಲಿ ಒರೆಸು. ನೀರು ಅಲ್ಲೇ ಒಣಗೋಕೆ ಬಿಟ್ರೇನೇ ಈ ಬಿಳಿ ಕಲೆ ಕಣೇ." ಹಾಗೆಂದ ನೀನೇ ಕಾಯಿಲೆ ಬಿದ್ದ ಮೇಲೆ, ಪಾತ್ರೆ ತೊಳೆಯುತ್ತಾ ಸುಸ್ತಾದಾಗಲೆಲ್ಲ ಸಿಂಕಿನ ಎಡ ಅಂಚಿಗೆ ಒದ್ದೆ ಕೈ ಊರಿ ನಿಲ್ಲುತ್ತಿದ್ದೆ. ಒರೆಸುವ ತ್ರಾಣ ಇರುತ್ತಿರಲಿಲ್ಲ. ಹಾಗೆ ನಿನ್ನ ಅಂಗೈಯ ಬಿಳಿ ಅಚ್ಚು ಅಲ್ಲೇ ಉಳಿದುಕೊಂಡಿತು, ಚಿಕ್ಕಂದಿನಲ್ಲಿ ನಾನು ಬಾಗಿಲು ಹಾಕಿ ಸೊಟ್ಟ ಮಾಡಿದ ಕಿರುಬೆರಳಿನ ಸಮೇತ.

ಅಳಿಸಲು ನನಗೆ ಮನಸ್ಸಿರಲಿಲ್ಲ. ಆದರೆ ನಿನ್ನ ಮಗಳು ಬೆಳಗಾದರೆ ಸ್ಟೂಲ್ ಹತ್ತಿ ಅದರ ಮೇಲೆ ಕೈಯಿಟ್ಟು ನಿಲ್ಲತೊಡಗಿದಳು. ಊಟ ಬೇಡ, ಶಾಲೆ ಬೇಡ. ಕೊನೆಗೆ ಸ್ಟೂಲನ್ನು ಬಲಗಡೆಯ ಮೂಲೆಗೆ ಸರಿಸಿ, ನೀನು ಹೇಳಿದಂತೆಯೇ ವಿನೆಗರ್ ಬಟ್ಟೆ ಹಾಸಿ, ನಿಂಬೆಯಲ್ಲಿ ತಿಕ್ಕಿ ಒರೆಸಿದೆ. ಸಿಂಕ್ ಕನ್ನಡಿಯಂತಾಯಿತು.

ಮರುದಿನ ಕೈ ಮತ್ತೆ ಇತ್ತು. ಒಂದು ಗೇಣು ಈಚೆಗೆ, ಸ್ಟೂಲಿನ ಕಡೆಗೆ.

ಮತ್ತೆ ಉಜ್ಜಿದೆ. ಮತ್ತೆ ಬಂತು, ಇನ್ನಷ್ಟು ಹತ್ತಿರ. ನೀರಿನ ವಾಲ್ವ್ ಮುಚ್ಚಿದೆ, ಅಡುಗೆಮನೆಗೆ ಬೀಗ ಹಾಕಿದೆ. ಏನು ಮಾಡಿದರೂ ತಪ್ಪಲಿಲ್ಲ. ನಿನಗೆ ಹೆದರುವ ದಿನವೂ ಬರುತ್ತದೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ, ಅಕ್ಕ.

ಇವತ್ತು ಬೆಳಿಗ್ಗೆ ಸಿಂಕ್ ಸ್ವಚ್ಛವಾಗಿತ್ತು. ಸದ್ಯ ಬದುಕಿದೆ ಎಂದುಕೊಂಡು ಮಗುವಿಗೆ ಜಡೆ ಹಾಕಲು ಕೂತೆ. ಅವಳ ಮಣಿಕಟ್ಟಿನ ಸುತ್ತ ಐದು ಬೆರಳುಗಳ ಬಿಳಿ ಗುರುತು ಒಣಗಿ ಪುಡಿ ಉದುರುತ್ತಿತ್ತು.

"ಅಮ್ಮ ಬಾ ಬಾ ಅಂತ ಎಳೀತಾಳೆ ಚಿಕ್ಕಮ್ಮ. ನಾಳೆ ಬರ್ತೀನಿ ಅಂದಿದೀನಿ" ಎಂದಳು.

ನಿಂಬೆ ಹಚ್ಚಿ ತಿಕ್ಕಿದೆ. ಉರಿಗೆ ಅತ್ತಳು. ನಾನೂ ಅತ್ತೆ.

ಒಬ್ಬಳೇ ಇರಲು ನಿನಗೆ ಭಯವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅವಳಿಗಿನ್ನೂ ಆರು ವರ್ಷ. ನಾಳೆ ಅವಳು ಏಳುವ ಮೊದಲೇ ಈ ಕಾಗದವನ್ನು ಸಿಂಕಿನ ಮೇಲಿಟ್ಟು, ಪಕ್ಕದಲ್ಲಿ ನನ್ನ ಒದ್ದೆ ಕೈ ಊರಿ ನಿಂತಿರುತ್ತೇನೆ. ಜೊತೆಗೆ ಯಾರಾದರೂ ಬೇಕೇ ಬೇಕೆಂದರೆ ಈ ಕೈ ಹಿಡಿದುಕೋ. ಬೇಡವೆಂದರೆ, ಮಗಳನ್ನು ಅಲ್ಲಿಂದಲೇ ಹರಸಿ ಹೊರಡು.

ಹೋಗಿ ಬಾ ಎಂದು ಮಾತ್ರ ಹೇಳಲಾರೆ. ಹೋಗು, ಅಕ್ಕ.

ನಿನ್ನ ತಂಗಿ